ಇಂಟರ್‌ನೆಟ್ ಲೈನಿನವರು

ನಾನು ರೇಷ್ಮೆಹುಳು ಸಾಕುವುದನ್ನು ನನ್ನ ಮೊಮ್ಮಗಳು ಸಿನಿಮಾ ಮಾಡಿದಳಲ್ಲ, ಅದಕ್ಕೆ ಕಾಲೇಜಿನಲ್ಲಿ ಮೊದಲ ಬಹುಮಾನ ಬಂತು! ಈ ಖುಷಿಯಲ್ಲಿ ನನಗೆ ಮೊದಲು ನೆನಪಾಗುವವರು ರಾಮನಗರದ ನಮ್ಮ ಬೀದಿಗೆ ಇಂಟರ್‌ನೆಟ್ ಲೈನ್ ನೋಡಲು ಬರುತ್ತಿದ್ದವರು. ವೈರಿನ ಸುತ್ತನ್ನು ಟವೆಲಿನಂತೆ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲೇ "ಆಯ್ತದೆ ಬುಡಿ ಅಜ್ಜಿ" ಅನ್ನುತ್ತಿದ್ದರು.

ಕಾಲೇಜಿನ ಸ್ಪರ್ಧೆಗೆ ಸಿನಿಮಾ ಕಳಿಸುವ ಕೊನೆಯ ದಿನ ಬಂದಿತ್ತು. ಅದಕ್ಕೆ ಹಾಡು ಸೇರಿಸಬೇಕಾದ ಗೆಳತಿ ಮಾಗಡಿಯಲ್ಲಿದ್ದಳು. ಮೊಮ್ಮಗಳು ತನ್ನ ಕಂಪ್ಯೂಟರಿನಿಂದ ನೇರ ಅವಳ ಕಂಪ್ಯೂಟರಿಗೆ ಕಳಿಸುತ್ತಿದ್ದಾಗ ಅರ್ಧಕ್ಕೇ ನಿಂತುಹೋಯಿತು. ಹುಡುಗಿ ಅಳುತ್ತಾ ಕೂತಳು.

ನಾನು ಫೋನ್ ಮಾಡಿಸಿದೆ. ಲೈನಿನವರು ಬಂದು ನೋಡಿ, "ಲೈನ್ ಸರಿಗೈತೆ. ಕಳ್ಳ ಸಿನಿಮಾ ಹಂಚ್ತಾರೆ ಅಂತ ನಮ್ ಕಂಪನಿಯೋರೇ ಹಿಂಗೆ ಕಂಪ್ಯೂಟರಿಂದ ಕಂಪ್ಯೂಟರಿಗೆ ಕಳ್ಸೋದ್ನ ತಡೆದವ್ರೆ" ಎಂದರು. ಅಲ್ಲೇ ಆಫೀಸಿಗೆ ಫೋನ್ ಮಾಡಿದರು.

"ಸಾರ್, ಇದು ಕದ್ದಿದ್ದಲ್ಲ. ಹೀರೋಯಿನ್ ನನ್ ಮುಂದೇನೇ ಕೂತವ್ರೆ, ಹಲ್ಲಿಲ್ಲ ಅಷ್ಟೇ! ನೀವ್ ಬುಡೋಗಂಟ ನಾನ್ ಇಲ್ಲಿಂದ ಏಳಾಕಿಲ್ಲ."

ಕಂಪನಿಯವರು ತಡೆ ತೆಗೆದರು. ಸಿನಿಮಾ ಮಾಗಡಿ ಮುಟ್ಟಿತು.

ಬಹುಮಾನ ಬಂದ ಸಂಜೆ ಮಗ, ಸೊಸೆ, ಮೊಮ್ಮಗಳ ಸಾಲಿನಲ್ಲಿ ಲೈನಿನವರನ್ನೂ ಊಟಕ್ಕೆ ಕೂರಿಸಿದೆ. ಒಂದು ಮುದ್ದೆಗೇ ಕೈ ಅಡ್ಡ ಹಿಡಿದರು.

"ಇವತ್ತು ಸಾಕು ಅನ್ನಂಗಿಲ್ಲ ಕಣಪ್ಪ, ಉಣ್ಣು" ಎಂದು ಇನ್ನೊಂದು ಹಾಕಿ, ನಾನೂ ಅವರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಕೂತೆ.