ನಾನು ಸಡಿಲಿಸಿದ ಬೋಲ್ಟು

ಹಳೆಯ ಗಾಡಿ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವುದು, ಕೈ ಜೇಬಿನಲ್ಲಿಟ್ಟುಕೊಂಡು ಹೋಗಿ ಅಂತ. ನೋಡಿ, ಕೇಳಿ, ಮೂಗು ಮುರಿಯಿರಿ, ಬೇಕಾದರೆ ಟೈರಿಗೊಂದು ಒದೆಯಿರಿ. ವ್ಯಾಪಾರ ಕುದುರುವ ತನಕ ಒಂದು ನಟ್ಟನ್ನೂ ಮುಟ್ಟಬೇಡಿ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಹಿಂದೂಪುರದಲ್ಲಿ ನನ್ನದು ಹಳೆಯ ಆಯಿಲ್ ಇಂಜಿನ್ನುಗಳ ವ್ಯಾಪಾರ. ಬಾವಿಯಿಂದ ನೀರೆತ್ತುವ ಇಂಜಿನ್ನು ಯಾರ ತೋಟದಲ್ಲಾದರೂ ಕೆಟ್ಟು ಕೂತಿದೆಯೆಂದು ತಿಳಿದರೆ ಹೋಗಿ ತರುವುದು, ರಿಪೇರಿ ಮಾಡಿಸಿ ಬೇಕಾದವರಿಗೆ ಕೊಡುವುದು. ಬಂಡವಾಳವೆಂದರೆ ನಾಲಿಗೆ. ಕಷ್ಟವಿದ್ದದ್ದು ಓಡಾಟದ್ದು. ರೊದ್ದಂ ಕಡೆ ಒಂದು ಇಂಜಿನ್ನು ಇದೆಯೆಂದು ಸುದ್ದಿ ಬಂದು ನಾನು ಬಸ್ಸಿಗೆ ಕಾಯುವಷ್ಟರಲ್ಲಿ, ನನ್ನದೇ ಕಸುಬಿನ ಇನ್ನೊಬ್ಬ ಸ್ಕೂಟರಿನಲ್ಲಿ ಹೋಗಿ, ಮಾತು ಮುಗಿಸಿ, ಎಲೆಯಡಿಕೆ ಜಗಿಯುತ್ತ ಎದುರಿಗೆ ಬರುತ್ತಿದ್ದ. "ಬಸ್ಸು ಲೇಟಾಯ್ತೇನಪ್ಪಾ?" ಎಂದು ಕೇಳುವುದು ಬೇರೆ. ಆ ವರ್ಷ ನನಗೊಂದು ಗಾಡಿ ಸಿಗದಿದ್ದರೆ ಅಂಗಡಿ ಮುಚ್ಚಿ ಅವನ ಕೈಕೆಳಗೇ ಕೆಲಸಕ್ಕೆ ಹೋಗಬೇಕಾಗಿತ್ತು.

ಆಗ ಕಲ್ಯಾಣದುರ್ಗದಿಂದ ಸುದ್ದಿ ಬಂತು. ಅಲ್ಲಿ ದನದ ಆಸ್ಪತ್ರೆಯ ಕಾಂಪೌಂಡರೊಬ್ಬರ ಹತ್ತಿರ ಒಂದು ಹಳೆಯ ಜಪಾನಿನ ಮೋಟಾರ್ ಸೈಕಲ್ಲು ಇದೆ, ಆಯಿಲ್ ಇಂಜಿನ್ನು ಕೊಟ್ಟವರಿಗೆ ಅದಲುಬದಲು ಮಾಡುತ್ತಾರೆ ಎಂದು. ಊರೆಲ್ಲ ಅವರನ್ನು ಡಾಕ್ಟ್ರೇ ಎಂದೇ ಕರೆಯುತ್ತಿತ್ತು. ಇಂಜಿನ್ನು ಬೇಕಾಗಿದ್ದದ್ದು ಅವರ ಹೆಂಡತಿಗೆ. ಬಾವಿಯ ಪಕ್ಕದ ಅರ್ಧ ಎಕರೆಯಲ್ಲಿ ಆಕೆ ಕನಕಾಂಬರ ಬೆಳೆಯುತ್ತಿದ್ದರು. ಬಿಂದಿಗೆಯಲ್ಲಿ ನೀರು ಹೊತ್ತು ಹೊತ್ತು ಭುಜ ಸವೆದಿತ್ತು.

ನಾನು ಹೋದ ದಿನ ಡಾಕ್ಟ್ರು ಗಾಡಿ ಸ್ಟಾರ್ಟ್ ಮಾಡಿ ತೋರಿಸಿದರು. ಇಂಜಿನ್ನಿನ ಹೊಟ್ಟೆಯೊಳಗಿಂದ ಕಟಕಟ ಕಟಕಟ ಎಂದು, ಹುರಿದ ಕಡಲೆಯನ್ನು ಡಬ್ಬಿಯಲ್ಲಿ ಹಾಕಿ ಕುಲುಕಿದ ಹಾಗೆ ಸದ್ದು.

"ಏನ್ ಡಾಕ್ಟ್ರೇ ಇದು, ಕೆಮ್ಮು ಹತ್ತೈತೆ ಇದಕ್ಕೆ?"

"ಕೆಮ್ಮಲ್ಲ ಕಣಪ್ಪಾ. ಒಳಗಡೆ ಟೈಮಿಂಗ್ ಚೈನು ವಸಿ ಸಡಲ ಆಗೈತೆ. ಐದು ಎಚ್‌ಪಿ ಇಂಜನ್ನು ಕೊಡು, ಗಾಡಿ ತಗೊಂಡ್ ಹೋಗು."

ನನ್ನ ಮನಸ್ಸಿನಲ್ಲಿದ್ದದ್ದು ಮೂರು ಎಚ್‌ಪಿಯ ಒಂದು ಮುದಿ ಇಂಜಿನ್ನು. ಸದ್ದು ಇನ್ನಷ್ಟು ಜೋರಾದರೆ ಡಾಕ್ಟ್ರು ಮೂರಕ್ಕೆ ಇಳಿದಾರು ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಯಾರೋ ಹೊಟ್ಟೆ ಉಬ್ಬಿದ ಮೇಕೆಯನ್ನು ಎಳೆದು ತಂದರು, ಡಾಕ್ಟ್ರು ಬೀದಿಗೆ ಹೋದರು. ಸಿಲಿಂಡರಿನ ಹಿಂದೆ ಒಂದು ಬೋಲ್ಟು, ಅದರ ಮೇಲೊಂದು ಲಾಕ್ ನಟ್ಟು ಕಾಣುತ್ತಿತ್ತು. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಅದೇ ಎಂದು ನನಗೆ ಗೊತ್ತಿತ್ತು. ಬೋಲ್ಟು ತಿರುವಿದರೆ ಬಿಗಿ, ಬಿಚ್ಚಿದರೆ ಸಡಿಲ. ಸೈಕಲ್ಲಿನ ಚೈನಿನಿಂದ ಹಿಡಿದು ಇಂಜಿನ್ನಿನ ಬೆಲ್ಟಿನವರೆಗೆ ನಾನು ಕಂಡದ್ದು ಅಷ್ಟೇ. ಚೀಲದಿಂದ ಸ್ಪ್ಯಾನರ್ ತೆಗೆದು ನಟ್ಟನ್ನೂ ಬೋಲ್ಟನ್ನೂ ಎರಡೆರಡು ಸುತ್ತು ಸಡಿಲಿಸಿ, ಏನೂ ಅರಿಯದವನ ಹಾಗೆ ಜಗಲಿಯ ಮೇಲೆ ಕೂತೆ. ಮೇಕೆ ನೋಡಿ ಬಂದ ಡಾಕ್ಟ್ರಿಗೆ, "ಯೋಚ್ನೆ ಮಾಡಿ, ಶುಕ್ರವಾರ ಬತ್ತೀನಿ" ಎಂದು ಹೇಳಿ ಬಸ್ಸು ಹತ್ತಿದೆ. ಮೂರು ದಿನ ಆ ಸದ್ದು ಕೇಳಿದರೆ ತಾವಾಗಿಯೇ ದಾರಿಗೆ ಬರುತ್ತಾರೆಂದು ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹಿಂದೂಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದ ಮುದುಕ ಮೇಸ್ತ್ರಿಗೆ ಈ ಜಾಣತನ ಹೇಳದೆ ಇರಲು ಆಗಲಿಲ್ಲ. ಅವರು ಬೀಡಿ ಬಾಯಿಂದ ತೆಗೆದು ನಕ್ಕದ್ದು ನೋಡಿ ಪಕ್ಕದ ಟೀ ಅಂಗಡಿಯವರೂ ಎದ್ದು ಬಂದರು.

"ಓರೇ ಪಿಚ್ಚೋಡಾ, ಹುಚ್ಚು ಮುಂಡೇದೆ, ಅದರೊಳಗೆ ಸ್ಪ್ರಿಂಗ್ ಐತೆ ಕಣ್ಲಾ! ಚೈನ್ ಬಿಗಿ ಮಾಡೋದು ಸ್ಪ್ರಿಂಗು. ಬೋಲ್ಟು ಬರೀ ಅದನ್ನ ಹಿಡ್ಕೊಂಡಿರ್ತದೆ. ನೀನು ಬೋಲ್ಟು ಬುಟ್ಟೆ, ಸ್ಪ್ರಿಂಗು ಮುಂದಕ್ಕೆ ನುಗ್ಗಿ ಚೈನ್ ಒತ್ತಿಕೊಂಡಿರ್ತದೆ. ಗಾಡಿ ರಿಪೇರಿ ಮಾಡ್ಬುಟ್ಟು ಬಂದಿದೀಯ!"

"ಸದ್ದು?"

"ಸದ್ದೆಲ್ಲೀದು? ಬೆಣ್ಣೆ ಇದ್ದಂಗಿರ್ತದೆ. ವಾಪಸ್ ಬಿಗಿ ಮಾಡಿದೆಯೇನ್ಲಾ?"

"ಇಲ್ಲ."

ಅವರ ನಗು ಅಲ್ಲಿಗೆ ನಿಂತಿತು. ಹಾಗೇ ಬಿಟ್ಟರೆ ಇಂಜಿನ್ನಿನ ಅದುರಾಟಕ್ಕೆ ಬೋಲ್ಟು ತಾನಾಗಿ ಬಿಚ್ಚಿಕೊಂಡು ಬಿದ್ದುಹೋಗುತ್ತದೆ, ಆ ತೂತಿನಿಂದ ಎಣ್ಣೆ ಹಿಂದಿನ ಚಕ್ರಕ್ಕೆ ಎರಚುತ್ತದೆ, ಗಾಡಿ ಜಾರಿದರೆ ಕೂತವರ ಗತಿ ಕೇಳಬೇಡ ಎಂದರು. ಸರಿಯಾದ ಕ್ರಮವನ್ನೂ ಹೇಳಿಕೊಟ್ಟರು: ಮೊದಲು ಪಕ್ಕದ ಮುಚ್ಚಳ ತೆಗೆದು, ಇಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸಿ ಒಳಗಿನ ಗುರುತಿಗೆ ತಂದು ನಿಲ್ಲಿಸಬೇಕು, ಆಗ ಚೈನಿನ ಸಡಿಲೆಲ್ಲ ಸ್ಪ್ರಿಂಗಿನ ಕಡೆಗೆ ಬರುತ್ತದೆ. ಆಮೇಲೆ ಬೋಲ್ಟು ಬಿಟ್ಟು, ಸ್ಪ್ರಿಂಗು ಕೂತ ಮೇಲೆ ಮತ್ತೆ ಹಿಡಿದು, ಲಾಕ್ ನಟ್ಟು ಬಿಗಿಯಬೇಕು.

ಶುಕ್ರವಾರ ಕಲ್ಯಾಣದುರ್ಗದಲ್ಲಿ ಇಳಿದಾಗ ಡಾಕ್ಟ್ರು ಬೀದಿಯ ಮಧ್ಯೆ ಗಾಡಿ ನಿಲ್ಲಿಸಿ ಸ್ಟಾರ್ಟಿನಲ್ಲಿಟ್ಟಿದ್ದರು. ಸುತ್ತ ಹತ್ತು ಜನ. ಇಂಜಿನ್ನು ಗುಮ್ಮೆಂದು ಮೆತ್ತಗೆ ಓಡುತ್ತಿತ್ತು.

"ಚೂಡಪ್ಪಾ, ನೋಡು! ಏನಾರ ಕೇಳಿಸ್ತದಾ? ಇಂಜನ್ ಆಯಿಲ್‌ಗೆ ಎರಡು ಚಮಚ ಹರಳೆಣ್ಣೆ ಹಾಕ್ದೆ. ಹೊಟ್ಟೆ ಕಟ್ಟಿದ ಎತ್ತಿಗೆ ಹಾಕಂಗೆ! ಸಾಯಂಕಾಲ ಹಾಕ್ದೆ, ಬೆಳಿಗ್ಗೆ ವಾಸಿ. ಇನ್ನ ಈ ಗಾಡಿ ಕೊಡಲ್ಲ ಕಣಪ್ಪಾ. ನಿನ್ನ ಇಂಜನ್ನು ನೀನೇ ಇಟ್ಕೋ."

ಹತ್ತು ಜನ ತಲೆಯಾಡಿಸಿದರು. ನೀರು ಕೇಳುವ ನೆಪದಲ್ಲಿ ಒಳಗೆ ಹೋದರೆ ಡಾಕ್ಟ್ರ ಹೆಂಡತಿ ಚೊಂಬನ್ನು ಕುಕ್ಕಿದರು.

"ಅವತ್ತು ಕಿಟಕೀಲಿ ನೋಡಿದೆ ಕಣಪ್ಪಾ, ನೀನು ಸ್ಪ್ಯಾನರ್ ಹಿಡ್ಕೊಂಡಿದ್ದು. ಏನ್ ಮಾಡ್ದೆ ನೀನು? ಕೈಗೆ ಬರೋ ಇಂಜನ್ನು ಕಳೆದುಬುಟ್ಟೆಯಲ್ಲ! ಈಗ ನನ್ನ ಗಿಡಕ್ಕೆ ನೀರು ನೀನು ಹೊರ್ತೀಯಾ?"

"ಅಕ್ಕಾ, ಸದ್ದು ಜಾಸ್ತಿ ಮಾಡಾನ ಅಂತ ಹೋದೆ..."

"ಜಾಸ್ತಿ ಮಾಡೋಕೂ ಬರಲ್ವಾ ನಿಂಗೆ?"

ಹೊರಗಿನಿಂದ ಡಾಕ್ಟ್ರು ಕೂಗಿದರು. ಸೆಟ್ಟೂರಿನಲ್ಲಿ ಆಕೆಯ ತಂಗಿಯ ಮನೆ. ವಾಸಿಯಾದ ಗಾಡಿಯನ್ನು ಅಲ್ಲಿಯೂ ತೋರಿಸಬೇಕಂತೆ, ಈಗಲೇ ಹೊರಡಬೇಕಂತೆ. ಆಕೆ ಗೊಣಗುತ್ತಲೇ ಸೆರಗು ಸಿಕ್ಕಿಸಿ ಹಿಂದೆ ಕೂತರು. ನಾನು ಬಗ್ಗಿ ನೋಡಿದೆ. ಲಾಕ್ ನಟ್ಟು ಆಗಲೇ ಬೋಲ್ಟಿನ ತುದಿಗೆ ಬಂದು ನಿಂತಿತ್ತು, ಸುತ್ತ ಎಣ್ಣೆ ಒಸರಿತ್ತು.

ವ್ಯಾಪಾರದ ಬುದ್ಧಿ ಏನು ಹೇಳಿತೆಂದು ಮುಚ್ಚಿಡುವುದಿಲ್ಲ: ಸುಮ್ಮನಿರು, ಬೋಲ್ಟು ಬಿದ್ದರೆ ಸದ್ದು ವಾಪಸ್ಸು ಬರುತ್ತದೆ, ಆಮೇಲೆ ಮೂರು ಎಚ್‌ಪಿಗೇ ಗಾಡಿ ಸಿಗುತ್ತದೆ. ಡಾಕ್ಟ್ರು ಗೇರ್ ಹಾಕಿದರು. ಹಿಂದಿನ ಚಕ್ರದ ಮೇಲೆ ಆಕೆ ಕೂತಿದ್ದರು.

"ಡಾಕ್ಟ್ರೇ, ನಿಲ್ಸಿ! ಆ ಬೋಲ್ಟು ಬಿಗಿ ಇಲ್ಲ."

"ನಿಂಗೆ ಹೆಂಗೆ ಗೊತ್ತು?"

"ಸಡಲ ಮಾಡಿದ್ದು ನಾನೇ."

ಡಾಕ್ಟ್ರು ಗಾಡಿ ಆರಿಸಿದರು. ಮೊದಲು ನನ್ನನ್ನು ನೋಡಿದರು, ಆಮೇಲೆ ಬೋಲ್ಟನ್ನು, ಆಮೇಲೆ ಸ್ವಲ್ಪ ದೂರದಲ್ಲಿ ಇನ್ನೂ ಹರಳೆಣ್ಣೆಯ ಗುಣಗಾನ ಮಾಡುತ್ತಿದ್ದ ಜನರನ್ನು. ಅವರ ಕಿವಿಗೆ ನನ್ನ ಮಾತು ಬಿದ್ದಿರಲಿಲ್ಲ. ಡಾಕ್ಟ್ರ ಮುಖ ಕೆಂಪಾಯಿತು, ಬಾಯಿ ತೆರೆಯಿತು. ಆಕೆ ಗಾಡಿಯಿಂದ ಇಳಿದು ಗಂಡನ ಕಿವಿಯ ಹತ್ತಿರ ಬಗ್ಗಿದರು.

"ಕೂಗಾಡಬ್ಯಾಡಿ. ಕೂಗಿದ್ರೆ ಎಲ್ರೂ ಬತ್ತಾರೆ. ವಾಸಿ ಆಗಿದ್ದು ಯಾರ ಕೈಯಿಂದ ಅಂತ ಕೇಳ್ತಾರೆ. ಹೇಳ್ಲಾ?"

ಡಾಕ್ಟ್ರು ಬಾಯಿ ಮುಚ್ಚಿದರು. ಗಾಡಿಯನ್ನು ಮೂವರೂ ಹಿತ್ತಲಿಗೆ ತಳ್ಳಿದೆವು. ಮೇಸ್ತ್ರಿ ಹೇಳಿದಂತೆ ಪಕ್ಕದ ಮುಚ್ಚಳ ತೆಗೆದು, ಇಂಜಿನ್ನನ್ನು ಕೂದಲೆಳೆಯಷ್ಟಷ್ಟೇ ತಿರುಗಿಸಿ ಗುರುತಿಗೆ ತಂದೆ. ಬೋಲ್ಟು ಬಿಟ್ಟೆ. ಒಳಗೆ ಸ್ಪ್ರಿಂಗು ಟಕ್ಕೆಂದು ಕೂತಿತು. ಬೋಲ್ಟು ಹಿಡಿದು ನಟ್ಟು ಬಿಗಿದೆ. ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ನಯ. "ಗಾಡಿ ಕೊಟ್ಟು ಇಂಜನ್ನು ತಗೊಳ್ಳಿ, ಹರಳೆಣ್ಣೆ ಸಂಗ್ತಿ ನಮ್ಮಲ್ಲೇ ಇರ್ಲಿ" ಎಂದರು ಆಕೆ. ಡಾಕ್ಟ್ರು ಹೆಗಲ ಮೇಲಿನ ಟವಲು ತೆಗೆದು ನನ್ನ ಬಲಗೈ ಮೇಲೆ ಹೊದಿಸಿದರು.

ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ, ಪಕ್ಕದವರಿಗೂ ಗೊತ್ತಾಗದಂತೆ. "ಇಂಜನ್ನು ಐದು ಎಚ್‌ಪೀದು. ಪೈಪು ಎಷ್ಟು ಉದ್ದ ಕೊಡ್ತೀಯ?" ಎಂದು ಡಾಕ್ಟ್ರು ಮೂರು ಬೆರಳು ಹಿಡಿದರು. ಒಂದು ಬೆರಳಿಗೆ ಒಂದು ಉದ್ದ, ಅಂದರೆ ಒಂದು ಇಡೀ ಪೈಪು. ಪೈಪಿನ ಮಾತು ಮೊದಲು ಇರಲೇ ಇಲ್ಲ. ನಾನು ಒಂದು ಹಿಡಿದೆ. ಅವರು ಎರಡಕ್ಕಿಳಿದರು. ಸರಿ ಎನ್ನಬೇಕೆನ್ನುವಷ್ಟರಲ್ಲಿ ಬಳೆಯ ಸದ್ದಿನ ಜೊತೆಗೆ ಇನ್ನೊಂದು ಕೈ ಟವಲಿನೊಳಗೆ ಬಂತು. ಹೆಂಗಸರು ಆ ಟವಲಿನೊಳಗೆ ಕೈ ಹಾಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಿಂದಿಗೆ ಹೊತ್ತು ಗಟ್ಟಿಯಾದ ಕೈ ಅದು. ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಹಿಂಡಿತು.

"ಅಯ್ಯೋ ಅಕ್ಕಾ, ಐದಾ?"

"ಬಾಯಲ್ಲಿ ಹೇಳಬಾರದು ಕಣಪ್ಪಾ. ಬಾವಿ ಎಷ್ಟು ಆಳ ಅಂತ ನಿಂಗೇನ್ ಗೊತ್ತು?" ಎಂದು ಆಕೆ ಮತ್ತೊಮ್ಮೆ ಹಿಂಡಿದರು.

ನಾಲ್ಕಕ್ಕೆ ಇಳಿಸಲು ನೋಡಿದೆ. ಬೆರಳು ಬಿಡಿಸಿಕೊಳ್ಳಲಾಗಲಿಲ್ಲ. ಒಪ್ಪಿದೆ.

ನಾಲ್ಕು ದಿನ ಕಳೆದು ಲಾರಿಯಲ್ಲಿ ಐದು ಎಚ್‌ಪಿ ಇಂಜಿನ್ನನ್ನೂ ಐದು ಉದ್ದ ಪೈಪನ್ನೂ ತಂದು ಇಳಿಸಿದೆ. ಡಾಕ್ಟ್ರು ಗಾಡಿಯ ಟ್ಯಾಂಕನ್ನು ಟವಲಿನಿಂದ ಒರೆಸಿ, ಕೀಲಿ ಕೊಟ್ಟರು. ನಾನು ಸ್ಟಾರ್ಟ್ ಮಾಡಿ, ಇನ್ನು ಆ ಸ್ಕೂಟರಿನವನಿಗೆ ನಾನೇ ಎದುರಿಗೆ ಬರುತ್ತೇನೆ ಎಂಬ ಖುಷಿಯಲ್ಲಿ ಗೇರ್ ಹಾಕಿದೆ. ಬೀದಿಯ ತಿರುವಿಗೆ ಬಂದಿದ್ದೆ, ಹಿಂದಿನಿಂದ ಆಕೆಯ ದನಿ.

"ಏ ತಮ್ಮಾ! ಪೈಪಿನ ತುದಿಗೆ ಫುಟ್ ವಾಲ್ವು ಎಲ್ಲೈತೆ? ಅದಿಲ್ದೆ ನೀರು ಮ್ಯಾಕೆ ಬತ್ತದಾ?"

ಚೈನು ಮೊದಲಿನ ಹಾಗೆ ಕಟಕಟ ಎನ್ನುತ್ತಿದ್ದರೆ ಕೇಳಿಸಲಿಲ್ಲವೆಂದು ಹೊರಟುಹೋಗಬಹುದಿತ್ತು. ಒಂದೊಂದು ಅಕ್ಷರವೂ ಕೇಳಿಸಿತು. ಗಾಡಿ ತಿರುಗಿಸಿದೆ.