ಕುಡಿಯದವರ ತೊದಲು

“ಮೇಡಂ, ನಿಮ್ ಯಜಮಾನ್ರು ಕುಡ್ದು ಡ್ಯೂಟಿಗೆ ಬಂದವ್ರೆ. ಬಂದು ಕರ್ಕೊಂಡ್ ಹೋಗಿ.”

ಪೀಣ್ಯದ ಫ್ಯಾಕ್ಟರಿಯ ಸೆಕ್ಯುರಿಟಿಯವನು ಫೋನಿನಲ್ಲಿ ಹೀಗೆ ಹೇಳಿದಾಗ ನಾನು ನಮ್ಮ ಗಾರ್ಮೆಂಟ್ಸಿನ ಊಟದ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. ರಾಂಗ್ ನಂಬರ್ ಇರಬೇಕು ಅಂದುಕೊಂಡೆ. ನನ್ನ ಗಂಡ ಈರಣ್ಣ ಕುಡಿಯುವವರಲ್ಲ. ಹಾವೇರಿ ಕಡೆಯಿಂದ ಬಂದು ನಾವು ಬಾಗಲಗುಂಟೆಯಲ್ಲಿ ಸಂಸಾರ ಹೂಡಿದ ಮೇಲೆ ಹಬ್ಬಕ್ಕಾಗಲಿ, ಗೆಳೆಯರ ಬಲವಂತಕ್ಕಾಗಲಿ ಅವರು ಒಂದು ಹನಿ ಬಾಯಿಗೆ ಹಾಕಿದ್ದನ್ನು ನಾನು ಕಂಡಿಲ್ಲ.

“ಯಾವ ಈರಣ್ಣ ರೀ?” ಎಂದು ಕೇಳಿದೆ.

“ಲೇತ್ ಸೆಕ್ಷನ್ ಈರಣ್ಣ. ಬೇಗ ಬನ್ನಿ, ಗೇಟ್ ಹೊರ್ಗಡೆ ಕೂರ್ಸಿದೀವಿ.”

ಆಟೋ ಹಿಡಿದೆ. ದಾರಿಯುದ್ದಕ್ಕೂ ಸಿಟ್ಟು. ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಅವರು ಕಾಂಪೌಂಡಿಗೆ ಒರಗಿ, ಚರಂಡಿಯ ಮೇಲಿನ ಚಪ್ಪಡಿಕಲ್ಲಿನಲ್ಲಿ ಕೂತಿದ್ದರು. ಅಂಗಿಯ ಒಂದು ಮಗ್ಗುಲು ಒದ್ದೆ. ಬಲಗೈ ಬೇರೆ ಯಾರದೋ ಕೈಯನ್ನು ತಂದಿಟ್ಟ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ನನ್ನನ್ನು ಕಂಡು ಏನೋ ಹೇಳಲು ಹೋದರು. ಬಾಯಿ ಎಡಕ್ಕೆ ಎಳೆಯಿತು. ಮಾತು ಬರಲಿಲ್ಲ, ಜೊಲ್ಲು ಬಂತು.

ಪಕ್ಕದಲ್ಲಿ ತಳ್ಳುಗಾಡಿಯಲ್ಲಿ ಟೀ ಮಾರುವ ಹೆಂಗಸು ನೀರಿನ ಲೋಟ ಹಿಡಿದು ನಿಂತಿದ್ದಳು. “ನೀರು ಕೊಟ್ಟೆ, ನುಂಗಕ್ಕಾಗ್ತಿಲ್ಲ. ವಾಸ್ನೆಗೀಸ್ನೆ ಏನೂ ಇಲ್ಲ ಕಣಕ್ಕ ಬಾಯಲ್ಲಿ. ಇದು ಬೇರೆ ಏನೋ,” ಅಂದಳು.

ಅಷ್ಟು ದೊಡ್ಡ ಫ್ಯಾಕ್ಟರಿಯಲ್ಲಿ ಅವರ ಬಾಯಿಯ ಹತ್ತಿರಕ್ಕೆ ಬಗ್ಗಿ ನೋಡಿದವರು ಒಬ್ಬರೂ ಇರಲಿಲ್ಲ. ತೊದಲುತ್ತಿದ್ದಾರೆ, ತೂರಾಡುತ್ತಿದ್ದಾರೆ, ಕಾಂಟ್ರಾಕ್ಟಿನವರು. ಇನ್ನೇನು, ಕುಡಿದಿದ್ದಾರೆ. ತೀರ್ಮಾನವಾಗಿತ್ತು.

ಅಷ್ಟರಲ್ಲಿ ಗಂಗಾಧರ ಗೇಟಿನಿಂದ ಓಡಿಬಂದ. ನನ್ನ ಗಂಡನ ಪಕ್ಕದ ಮಷಿನ್ನಿನವನು, ಮಧುಗಿರಿ ಕಡೆಯವನು, ಹೆಚ್ಚುಕಡಿಮೆ ಅವರದೇ ವಯಸ್ಸು. ಸೂಪರ್‌ವೈಸರ್ ರಮೇಶ್ ಒಳಗಿನಿಂದ ಕೂಗುತ್ತಿದ್ದರೂ ತಿರುಗಿ ನೋಡಲಿಲ್ಲ. ಇಬ್ಬರೂ ಸೇರಿ ಎತ್ತಿ ಆಟೋದಲ್ಲಿ ಮಲಗಿಸಿದೆವು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಬಿಪಿ ನೋಡಿದ ನರ್ಸ್ ಯಂತ್ರ ಕೆಟ್ಟಿದೆಯೇನೋ ಎಂದು ಮತ್ತೊಮ್ಮೆ ನೋಡಿದಳು. “ಇಲ್ಲಿ ಸ್ಕ್ಯಾನ್ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ” ಅಂದರು. ಮತ್ತೆ ಟ್ರಾಫಿಕ್. ಮತ್ತೆ ಕಾಯುವುದು.

ಸ್ಟ್ರೋಕ್. ನಮ್ಮ ಕಡೆಯ ಮಾತಿನಲ್ಲಿ ಲಕ್ವ.

ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. “ಯಾವಾಗ ಶುರುವಾಯ್ತು? ಕರೆಕ್ಟಾಗಿ ಹೇಳಿ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಇದೆ, ಆದ್ರೆ ಶುರುವಾದ ಕೆಲವೇ ಗಂಟೆಗಳಲ್ಲಿ ಕೊಡ್ಬೇಕು.”

“ಬೆಳಿಗ್ಗೆ ಆರಾಮ್ ಹೋದ್ರು ರೀ,” ಅಂದೆ. “ಫೋನ್ ಬಂದದ್ದು ಊಟದ ಹೊತ್ತಿಗೆ.”

ಗಂಗಾಧರ ಗೋಡೆ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಬಾಯಿಬಿಟ್ಟ.

“ಬೆಳಿಗ್ಗೆ ಟೀ ಟೈಮ್‌ನಾಗೇ ಬಲಗೈ ಇಡ್ಕಣಾಕಾಯ್ತಿಲ್ಲ ಅಂದ್ರು ಮೇಡಂ. ಎಲ್ಡು ಕಿತ ಜಾಬು ಕೆಳಕ್ ಬಿತ್ತು. ಸೂಪರ್‌ವೈಸರ್ ನೋಡುದ್ರೆ ಮನೀಗ್ ಕಳುಸ್ಬುಡ್ತಾರೆ ಅಂತ ಅವ್ರ ಮಿಷಿನ್ನೂ ನಾನೇ ನೋಡ್ಕಂಡೆ. ಯಾರ್ಗೂ ಕಾಣ್ದಂಗೆ ಅಡ್ಡ ನಿಂತ್ಕಂಡಿದ್ದೆ. ಎಡಗೈನಾಗೇ ಅಂಗೂ ಇಂಗೂ ಮಾಡ್ತಿದ್ರು.”

ಯಂತ್ರಕ್ಕೆ ಕೊಟ್ಟು ತಿರುವುವ ಕಬ್ಬಿಣದ ತುಂಡಿಗೆ ಅಲ್ಲಿ ಜಾಬ್ ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಗಂಡನ ಕೈಯಿಂದ ಅದು ಬಿದ್ದದ್ದೇ ಇಲ್ಲವಂತೆ.

ಡಾಕ್ಟರ್ ಸ್ಕ್ಯಾನಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಅಷ್ಟೊತ್ತಿಗೇ ಶುರುವಾಗಿದ್ರೆ ಆ ಇಂಜೆಕ್ಷನ್ ಕೊಡೋಕಾಗಲ್ಲಮ್ಮ. ಲೇಟಾಗಿದೆ.”

ಲೇಟಾಗಿದೆ.

ಗಂಗಾಧರ ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತ. ಅವನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಅವನು ಮುಚ್ಚಿಟ್ಟದ್ದು ನನ್ನ ಗಂಡನ ಕೆಲಸ ಉಳಿಯಲಿ ಅಂತ. ಅಂಥ ಕಡೆ ಗೆಳೆತನ ಅಂದರೆ ಅದೇ ಆಗಿತ್ತು: ಒಬ್ಬನ ಕಾಯಿಲೆಗೆ ಇನ್ನೊಬ್ಬ ಅಡ್ಡ ನಿಲ್ಲುವುದು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಗಂಡ ಅದೇ ಫ್ಯಾಕ್ಟರಿಯಲ್ಲಿ, ಅದೇ ಲೇತಿನ ಮುಂದೆ, ತಲೆಗೂದಲು ಬೆಳ್ಳಗಾಗುವವರೆಗೆ ದುಡಿದರು. ಆದರೆ ಒಂದು ದಿನವೂ ಆ ಫ್ಯಾಕ್ಟರಿಯವರಾಗಲಿಲ್ಲ. ಪ್ರತಿ ವರ್ಷ ಕಾಂಟ್ರಾಕ್ಟ್ ಮುಗಿಯುತ್ತಿತ್ತು. ಆಗ ಕೆಲವು ದಿನ ಮನೆಯಲ್ಲಿ ಕೂರಿಸುತ್ತಿದ್ದರು. ಅದಕ್ಕೆ ‘ಬ್ರೇಕ್’ ಎಂದು ಹೆಸರು. ಆಮೇಲೆ ಮೆಡಿಕಲ್ ಟೆಸ್ಟ್ ಮಾಡಿಸಿ, ಬೇರೆ ಏಜೆನ್ಸಿಯ ಹೆಸರಿನಲ್ಲಿ ಹೊಸ ಐಡಿ ಕಾರ್ಡ್ ಕೊಟ್ಟು ಮತ್ತೆ ಒಳಗೆ ಕರೆಯುತ್ತಿದ್ದರು. ಕರೆಯದೆಯೂ ಇರಬಹುದಿತ್ತು. ಕೆಲವರನ್ನು ಕರೆಯಲಿಲ್ಲ. ಯಾಕೆ ಅಂತ ಹೇಳುವ ಪದ್ಧತಿ ಇರಲಿಲ್ಲ.

ಆ ಬ್ರೇಕಿನ ದಿನಗಳನ್ನು ರಜೆ ಅಂದುಕೊಳ್ಳಬೇಡಿ. ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದರು. ಕುತ್ತಿಗೆಯ ಹಿಂದೆ ನೋವು ಅನ್ನುತ್ತಿದ್ದರು. ಊಟಕ್ಕೆ ಕೂತು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿರುತ್ತಿದ್ದರು. ಬ್ರೇಕ್ ಬರುವ ತಿಂಗಳ ಮೊದಲೇ ಈ ಕಳವಳ ಶುರುವಾಗುತ್ತಿತ್ತು, ಕೆಲಸಕ್ಕೆ ಕರೆದ ಮೇಲೂ ತಿಂಗಳುಗಟ್ಟಲೆ ಇಳಿಯುತ್ತಿರಲಿಲ್ಲ. ಲೆಕ್ಕ ಹಾಕಿದರೆ ಅವರು ನೆಮ್ಮದಿಯಾಗಿದ್ದ ತಿಂಗಳು ಯಾವುದು ಅಂತಲೇ ನನಗೆ ಹೊಳೆಯುವುದಿಲ್ಲ.

ಬಿಪಿ ಇರುವುದು ಗೊತ್ತಾದದ್ದು ಬಡಾವಣೆಯಲ್ಲಿ ನಡೆದ ಒಂದು ಉಚಿತ ತಪಾಸಣೆಯಲ್ಲಿ. ಎರಡು ಗುಳಿಗೆ ಬರೆದುಕೊಟ್ಟರು. ಅದರಲ್ಲೊಂದು ಮೂತ್ರ ಹೆಚ್ಚು ಹೋಗುವಂತೆ ಮಾಡುವಂಥದ್ದು. ಅದನ್ನು ನುಂಗಿದ ದಿನ ಮಷಿನ್ ಬಿಟ್ಟು ನಾಲ್ಕಾರು ಸಲ ಹೋಗಬೇಕಾಗುತ್ತಿತ್ತು. “ಏನ್ ಈರಣ್ಣ, ಶುಗರ್ ಬಂತಾ?” ಎಂದು ರಮೇಶ್ ನಗುತ್ತ ಕೇಳಿದರಂತೆ. ನಗುತ್ತಲೇ ಕೇಳಿದ್ದು. ಆದರೆ ಅದೇ ವರ್ಷ ಶುಗರ್ ಇದ್ದ ಇನ್ನೊಬ್ಬರನ್ನು ಬ್ರೇಕ್ ಮುಗಿದ ಮೇಲೆ ಕರೆದಿರಲಿಲ್ಲ. ಅಂದಿನಿಂದ ಆ ಗುಳಿಗೆ ಭಾನುವಾರಕ್ಕೆ ಮಾತ್ರ ಆಯಿತು. ಇನ್ನೊಂದು, ನೆನಪಾದಾಗ.

“ಗುಳಿಗಿ ಯಾಕ ಬಿಡ್ತೀರಿ?” ಎಂದು ಜಗಳಾಡುತ್ತಿದ್ದೆ.

“ಈ ಬ್ರೇಕ್ ಒಂದು ಮುಗೀಲಿ ತಡಿ. ಆಮ್ಯಾಲೆ ಬರೋಬ್ಬರಿ ತಗೋತೇನಿ,” ಅನ್ನುತ್ತಿದ್ದರು.

ಮೆಡಿಕಲ್ ಟೆಸ್ಟ್ ಹತ್ತಿರ ಬಂದಾಗ ಮಾತ್ರ ಎರಡನ್ನೂ ತಪ್ಪದೆ ನುಂಗಿ, ಉಪ್ಪು ಬಿಟ್ಟು, ಬಿಪಿ ಇಳಿಸಿಕೊಂಡು ಪಾಸಾಗಿ ಬರುತ್ತಿದ್ದರು. ಕೆಲಸಕ್ಕೆ ಸೇರುವ ದಿನ ಆರೋಗ್ಯವಂತ. ಉಳಿದ ದಿನ ದೇವರೇ ಗತಿ.

ಇದನ್ನೆಲ್ಲ ನಾನು ವಾರ್ಡಿನಲ್ಲಿ ಆ ಡಾಕ್ಟರಿಗೆ ಹೇಳಿದೆ. ಅವರು ಅವಸರ ಮಾಡದೆ ಕೇಳಿದರು. “ಸಿಗರೇಟ್ ಇಲ್ಲ, ಕುಡಿತ ಇಲ್ಲ. ಇಷ್ಟು ಬೇಗ ಯಾಕೆ ಆಯ್ತು ಅಂತ ನಾನೂ ಯೋಚಿಸ್ತಿದ್ದೆ. ಕೆಲಸ ಇರುತ್ತೋ ಹೋಗುತ್ತೋ ಅಂತ ವರ್ಷಗಟ್ಟಲೆ ಹೆದರ್ಕೊಂಡೇ ಇದ್ರೆ ಬಿಪಿ ಏರುತ್ತಮ್ಮ, ನಿದ್ದೆ ಕೆಡುತ್ತೆ, ಹಾರ್ಟಿಗೂ ಮೆದುಳಿಗೂ ಪೆಟ್ಟು ಬೀಳುತ್ತೆ. ಅದರ ಮೇಲೆ ಮಾತ್ರೆ ಬೇರೆ ಬಿಟ್ಟಿದಾರೆ.”

ಅವರೊಬ್ಬರೇ ಹಾಗೆ ಹೇಳಿದವರು. ನೋಡಲು ಬಂದ ನಂಟರೆಲ್ಲ ನನ್ನ ಅಡುಗೆಮನೆಯನ್ನು ಹಿಡಿದರು. ಉಪ್ಪಿನಕಾಯಿ ಜಾಸ್ತಿ ಹಾಕಿದಿ. ಶೇಂಗಾ ಚಟ್ನಿಗೆ ಎಣ್ಣಿ ಸುರಿದಿ. ಬೆಳಿಗ್ಗೆ ವಾಕಿಂಗ್ ಕಳಿಸಲಿಲ್ಲ. ನಸುಕಿನಲ್ಲಿ ಎದ್ದು ಫಸ್ಟ್ ಶಿಫ್ಟಿಗೆ ಓಡುವ ಮನುಷ್ಯನನ್ನು ನಾನು ಯಾವ ಹೊತ್ತಿನಲ್ಲಿ ವಾಕಿಂಗ್ ಕಳಿಸಬೇಕಿತ್ತೋ. ಒಬ್ಬರೂ ಫ್ಯಾಕ್ಟರಿಯ ಹೆಸರು ಎತ್ತಲಿಲ್ಲ. ಚಟ್ನಿಯ ಡಬ್ಬಿಯನ್ನು ಬೈಯುವುದು ಸುಲಭ.

ಏಜೆನ್ಸಿಯ ಕಾಂಟ್ರಾಕ್ಟರೂ ಬಂದರು, ಕಿತ್ತಳೆ ಹಣ್ಣು ಹಿಡಿದುಕೊಂಡು. ನನ್ನ ಗಂಡನಿಗೆ ಆಗ ಮೂಗಿನ ಟ್ಯೂಬಿನಲ್ಲಿ ಗಂಜಿ ಹೋಗುತ್ತಿತ್ತು. “ರೆಸ್ಟ್ ತಗೊಳ್ಲಿ ಮೇಡಂ. ಪೂರ್ತಿ ಹುಷಾರಾದ್ಮೇಲೆ ನೋಡೋಣ,” ಅಂದರು. ನಾವು ಡಿಸ್ಚಾರ್ಜ್ ಆಗುವ ಮೊದಲೇ ಆ ಲೇತಿಗೆ ಬೇರೊಬ್ಬ ಬಂದಿದ್ದ. ಗಂಗಾಧರ ಹೇಳಿದ. ನಾನು ಗಂಡನಿಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಕೇಳುವುದಕ್ಕೆ ಮಾತೇ ಇರಲಿಲ್ಲ.

ಒಂದೇ ಒಂದು ಮಾತು ಉಳಿದಿತ್ತು. “ಹೌದು.”

ನೀರು ಬೇಕಾದರೂ ಹೌದು, ಬೇಡವಾದರೂ ಹೌದು. ನೋವಾದರೆ ಹೌದು. ಮಗಳು ಪೂಜಾ ಕಾಲೇಜಿನಿಂದ ಬಂದು “ಅಪ್ಪ, ಊಟ ಆತ?” ಎಂದರೂ ಹೌದು, ಊಟ ಆಗಿರದಿದ್ದರೂ. ತಲೆಯೊಳಗೆ ಎಲ್ಲ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ತಪ್ಪು ಮಾತು ಬಂದದ್ದು ಅವರಿಗೇ ಕೇಳಿಸಿ ಕಣ್ಣು ತುಂಬುತ್ತಿತ್ತು. ಬಲಗಾಲು ಎಳೆಯುತ್ತಿತ್ತು. ಮಹಡಿಯ ಮನೆಯಿಂದ ಕೆಳಗಿಳಿಯಲು ಆಗುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲು ಹೋದರೆ ನನ್ನ ಕೈ ತಳ್ಳಿ, ತಾವೇ ಹಾಕಲು ಹೋಗಿ, ಸೋತು, ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ನಾನು ಬೆಳಿಗ್ಗೆ ಅವರ ಮೈ ತೊಳೆದು, ಉಣಿಸಿ, ಪಕ್ಕದ ಮನೆಯವರಿಗೆ ಒಂದು ಕಣ್ಣಿಡಲು ಹೇಳಿ ಗಾರ್ಮೆಂಟ್ಸಿಗೆ ಓಡುತ್ತಿದ್ದೆ. ಅಲ್ಲಿ ಹೊಲಿಗೆಯ ಲೈನಿನಲ್ಲಿ ಒಂದು ನಿಮಿಷ ಹಿಂದೆ ಬಿದ್ದರೂ ಕೂಗು. ಸಂಜೆ ಬಂದು ಫಿಸಿಯೋ ಹೇಳಿಕೊಟ್ಟ ಹಾಗೆ ಅವರ ಬೆರಳು ಒಂದೊಂದಾಗಿ ಬಿಡಿಸುತ್ತಿದ್ದೆ. ಅವು ಮತ್ತೆ ಮಡಚಿಕೊಳ್ಳುತ್ತಿದ್ದವು.

ಮಾತು ಹನಿಹನಿಯಾಗಿ ಬಂತು. ನೀರು. ಪೂಜಾ. ಬಾ. ಬ್ಯಾಡ.

ಒಂದು ಭಾನುವಾರ ಬಾಗಿಲು ತಟ್ಟಿದ್ದು ರಮೇಶ್. ಸೊರಗಿದ್ದರು. ಅವರನ್ನೂ ತೆಗೆದುಹಾಕಿದ್ದರಂತೆ. ಅವರದೂ ಕಾಂಟ್ರಾಕ್ಟೇ ಎಂದು ನನಗೆ ತಿಳಿದದ್ದು ಆವತ್ತೇ.

“ನಂಗೆ ಗೊತ್ತಾಗ್ಲಿಲ್ಲ ಮೇಡಂ. ಮಾತು ತೊದಲ್ತಿತ್ತು, ಕಾಲು ನಿಲ್ತಿರ್ಲಿಲ್ಲ. ಕುಡ್ದವ್ರು ಮಿಷಿನ್ ಹತ್ರ ಇದ್ರೆ ನನ್ ಕೆಲಸ ಹೋಗ್ತಿತ್ತು. ಅದ್ಕೆ...”

ನನ್ನ ಗಂಡ ಮಂಚದ ಅಂಚಿಗೆ ಸರಿದು ಕೂತರು. ತುಟಿ ಕೂಡಿಸಿ, ಬಿಟ್ಟು, ಮತ್ತೆ ಕೂಡಿಸಿದರು. ಕುತ್ತಿಗೆಯ ನರ ಉಬ್ಬಿತು. ರಮೇಶ್ ಹೆದರಿ ಎದ್ದು ನಿಂತರು.

“ನಾ... ಕುಡಿ... ಕುಡಿಯಂಗಿಲ್ಲ.”

ಲಕ್ವ ಹೊಡೆದ ಮೇಲೆ ಅವರಾಡಿದ ಮೊದಲ ಪೂರ್ತಿ ವಾಕ್ಯ ಅದು. ಮಗಳ ಜೊತೆಗಲ್ಲ, ನನ್ನ ಜೊತೆಗಲ್ಲ, ತಮ್ಮನ್ನು ಗೇಟಿನಾಚೆ ಹಾಕಿದ ಮನುಷ್ಯನ ಮುಂದೆ ಖರ್ಚಾಯಿತು. ರಮೇಶ್ ಕೈ ಮುಗಿದರು. ನಮ್ಮ ಮನೆಗೆ ಬಂದವರು ಚಹಾ ಕುಡಿಯದೆ ಹೋದದ್ದಿಲ್ಲ. ಆವತ್ತು ನಾನು ಒಲೆ ಹಚ್ಚಲಿಲ್ಲ. ಈಗಲೂ ಅದಕ್ಕೆ ನನಗೆ ಬೇಸರವಿಲ್ಲ.

ಹೋದ ವಾರ ಚೆಕಪ್ ಇತ್ತು. ಈಗ ಕೋಲು ಹಿಡಿದು ಮೆಟ್ಟಿಲು ಇಳಿಯುತ್ತಾರೆ, ಬಸ್ಸು ಹತ್ತುತ್ತಾರೆ. ಬಲಗೈ ಮಾತ್ರ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಅದೇ ಡಾಕ್ಟರ್ ಬಿಪಿ ನೋಡಿದರು. ಇನ್ನೊಂದು ತೋಳಿಗೂ ಪಟ್ಟಿ ಸುತ್ತಿ ನೋಡಿದರು. ಮುಖ ಅರಳಿತು.

“ನಾರ್ಮಲ್ ಇದೆ! ಎಷ್ಟು ಚೆನ್ನಾಗಿ ಕಂಟ್ರೋಲ್ ಆಗಿದೆ. ಏನ್ ಬದಲಾಯಿಸಿದ್ರಿ?”

ಗುಳಿಗೆ ತಪ್ಪಿಸುವುದಿಲ್ಲ, ಉಪ್ಪು ಕಮ್ಮಿ ಮಾಡಿದ್ದೇನೆ ಎಂದು ಹೇಳಲು ನಾನು ಬಾಯಿ ತೆರೆದೆ. ನನ್ನ ಗಂಡನೇ ಮೊದಲು ಹೇಳಿದರು.

“ಕೆಲಸ... ಇಲ್ಲರಿ.”

ಡಾಕ್ಟರರ ನಗು ಅಲ್ಲೇ ನಿಂತಿತು. ನನಗೆ ಹೊಟ್ಟೆಯೊಳಗಿನಿಂದ ನಗು ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಇಷ್ಟು ವರ್ಷ ಇಳಿದು ನಿಲ್ಲದ ಬಿಪಿ, ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ ಇಳಿದು ಕೂತಿತ್ತು. ಮನುಷ್ಯ ಉಳಿದಿದ್ದಾನೆ, ಅದಕ್ಕೆ ಆ ಡಾಕ್ಟರಿಗೂ ಗಂಗಾಧರನಿಗೂ ಕೈ ಮುಗಿಯುತ್ತೇನೆ. ಆದರೆ ಈ ಬೆಲೆಗೆ ಅಲ್ಲ ನಾವು ಆರೋಗ್ಯ ಕೇಳಿದ್ದು.

“ನಿಮ್ಮದೂ ಒಂದ್ಸಲ ನೋಡ್ಬಿಡ್ಲಾ?” ಎಂದು ಡಾಕ್ಟರ್ ನನ್ನನ್ನು ಕೇಳಿದರು.

“ಇವತ್ತ ಬ್ಯಾಡ್ರಿ. ಡ್ಯೂಟಿಗೆ ತಡ ಆಗ್ತೈತಿ. ನಮ್ಮ ಲೈನಿನ್ಯಾಗ ಈಗ ಮಂದಿ ಕಮ್ಮಿ ಮಾಡಾಕತ್ತಾರ,” ಎಂದು ಚೀಲ ಎತ್ತಿಕೊಂಡು ಎದ್ದೆ.

ನನ್ನ ಗಂಡ ಕೋಲನ್ನು ಮೇಜಿಗೆ ಒರಗಿಸಿ, ಎಡಗೈಯಿಂದ ನನ್ನ ಮುಂಗೈ ಹಿಡಿದರು. ಬಿಗಿಯಾಗಿ. ಲೇತ್ ನಡೆಸಿದ ಕೈ ಅದು, ಇನ್ನೂ ಶಕ್ತಿಯಿದೆ.

“ಕೂಡು,” ಅಂದರು. ಒಂದಿಷ್ಟೂ ತೊದಲದೆ.

ಕೂತೆ.