ಹಾಮಾಸೆ ಮನೆಯ ಡಚ್ ಮಾತು

ನಾಗಸಾಕಿಯಲ್ಲಿ ಡಚ್ಚರ ದುಭಾಷಿಯ ಕೆಲಸ ಅಪ್ಪನಿಂದ ಮಗನಿಗೆ ಬರುವಂಥದ್ದು. ಹಾಮಾಸೆ ಮನೆಯ ದುಭಾಷಿ ತೊಕುಬೆಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು ಶಿನೊ. ಸೋಯಾ ರುಬ್ಬಿ ತೋಫು ಮಾಡಿ ಮಾರುವ ಅಂಗಡಿಯವರ ಎರಡನೆಯ ಮಗ ರಿಸುಕೆಯನ್ನು ಮನೆ ಅಳಿಯನಾಗಿ ತಂದುಕೊಂಡು, ಡಚ್ ಕಲಿಸಿ, ತನ್ನ ಸ್ಥಾನದಲ್ಲಿ ಕೂರಿಸಬೇಕೆಂದಿದ್ದ. ಕಲಿಸಲು ಕೂರುವ ಹೊತ್ತಿಗೆ ತೊಕುಬೆಗೆ ಲಕ್ವ ಹೊಡೆಯಿತು.

ಎದ್ದು ಕೂತಾಗ ಹುಟ್ಟಿದಾಗಿನಿಂದ ಆಡಿದ ಜಪಾನಿ ಮಾತು ಅವನ ಬಾಯಿಂದ ಪೂರ್ತಿ ಹೊರಟುಹೋಗಿತ್ತು. ಉಳಿದದ್ದು ಬರೀ ಡಚ್. ಹೆಂಡತಿ ಗಂಜಿ ತಂದರೆ ಡಚ್ಚಿನಲ್ಲಿ ಗೊಣಗುವನು. ದೆವ್ವ ಹೊಕ್ಕಿದೆ ಎಂದು ನೆಂಟರು ತೀರ್ಮಾನಿಸಿಬಿಟ್ಟರು.

"ಉಪ್ಪು ಕಡಿಮೆ ಅಂತಿದಾರೆ ಅಮ್ಮ," ಎಂದಳು ಶಿನೊ, ಹೊಲಿಗೆಯಿಂದ ತಲೆ ಎತ್ತದೆ.

ಅಪ್ಪ ದಿನಾ ಬೆಳಗ್ಗೆ ಗಟ್ಟಿಯಾಗಿ ಡಚ್ ಪಾಠ ಹೇಳಿಕೊಳ್ಳುವುದನ್ನು ಕಾಗದದ ಬಾಗಿಲಿನಾಚೆ ಕೂತು ಹದಿನೈದು ವರ್ಷ ಕೇಳಿದ್ದಳು. ಡಚ್ಚರಿದ್ದ ದೆಜಿಮಾ ದ್ವೀಪದ ಸೇತುವೆಯನ್ನು ಒಮ್ಮೆಯೂ ದಾಟಿದವಳಲ್ಲ.

ಅಂದಿನಿಂದ ಅಪ್ಪ ಹೇಳುವುದು, ಶಿನೊ ಬಿಡಿಸಿ ತಿಳಿಸುವುದು, ರಿಸುಕೆ ಒಪ್ಪಿಸುವುದು. ತಪ್ಪಿದರೆ ಗಂಡನೆಂದು ಶಿನೊ ಮುಲಾಜು ನೋಡುತ್ತಿರಲಿಲ್ಲ.

"ಸೋಯಾ ರುಬ್ಬಿದ ಹಾಗೆ ನುಡೀಬೇಡಿ. ಇನ್ನೊಂದ್ಸಲ."

ಎರಡು ವರ್ಷದ ಮೇಲೆ ಹಿರಿಯ ದುಭಾಷಿ ಕುರಾಸಾಕಿ ಇನ್ನೂ ಮೂವರು ದುಭಾಷಿಗಳನ್ನು ಕಟ್ಟಿಕೊಂಡು ಮನೆಗೇ ಬಂದ. ಸ್ಥಾನ ಬಿಟ್ಟುಕೊಡುವ ಮಾತನ್ನು ಯಜಮಾನ ಸ್ವಂತ ಬಾಯಿಂದ ಹೇಳಬೇಕೆಂಬುದು ಕಟ್ಟಳೆ. ಇಲ್ಲದಿದ್ದರೆ ಕೆಲಸ ಬೇರೆ ಮನೆಯ ಪಾಲು. ಕುರಾಸಾಕಿಗೆ ಬೇಕಾಗಿದ್ದೂ ಅದೇ, ಅವನ ತಂಗಿಯ ಮಗ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ.

"ಯಜಮಾನರಿಗೇ ಮಾತು ಬಿದ್ದುಹೋಗಿದೆ. ಈ ಮನೇಲಿ ದುಭಾಷಿ ಎಲ್ಲಿಂದ ಬರ್ತಾನೆ?" ಎಂದು ಚುಚ್ಚಿದ.

ಪರದೆಯಾಚೆ ಶಿನೊ ಕಿವಿಗೊಟ್ಟು ಕೂತಿದ್ದಳು. ತೊಕುಬೆ ಗೋಡೆಗೆ ಕೈಯೂರಿ ನೆಟ್ಟಗೆ ಕೂತು ಡಚ್ಚಿನಲ್ಲಿ ನಿಧಾನವಾಗಿ ಹೇಳಿದ. ರಿಸುಕೆ ಒಂದನ್ನೂ ಬಿಡದೆ ಜಪಾನಿಯಲ್ಲಿ ಹೇಳುತ್ತ ಹೋದ.

"ನನ್ನ ಸ್ಥಾನ ಈ ಅಳಿಯನಿಗೆ. ಬಂದಾಗ ಇವನಿಗೆ ಒಂದು ಮಾತೂ ಬರ್ತಿರಲಿಲ್ಲ. ಕಲಿಸಿದವಳು ನನ್ನ ಮಗಳು. ನಾನು ಹೇಳಿದ್ದು ಅರ್ಥ ಆಗಲಿಲ್ಲ ಅನ್ನೋರು ನಿಮ್ಮಲ್ಲಿದ್ರೆ, ಅವರೂ ಇವತ್ತೇ ಸ್ಥಾನ ಬಿಟ್ಟುಬಿಡಲಿ."

ನಾಲ್ವರೂ ಡಚ್ಚಿನ ಅನ್ನ ತಿಂದು ಬದುಕುವವರು. ಅರ್ಥವಾಗಲಿಲ್ಲ ಎನ್ನಲು ಯಾರಿಗೆ ಧೈರ್ಯ? ಕುರಾಸಾಕಿಯ ಮುಖ ಸಣ್ಣದಾಯಿತು. ಮೂವರಲ್ಲಿ ಎಲ್ಲರಿಗಿಂತ ಮುದುಕನಾದವನು ಹೊಟ್ಟೆ ಹಿಡಿದು ನಕ್ಕು, ನೀನೇ ಕಲಿಸಿದ್ದು ನಿಜವೇನಮ್ಮ ಎಂದು ಪರದೆಯ ಕಡೆಗೆ ಡಚ್ಚಿನಲ್ಲೇ ಕೇಳಿದ.

ಹೊರಗಿನವರೊಡನೆ ಶಿನೊ ಆ ಭಾಷೆಯಲ್ಲಿ ಎಂದೂ ಬಾಯಿ ತೆರೆದಿರಲಿಲ್ಲ. ಸ್ಪಷ್ಟವಾಗಿ, ಅಪ್ಪನದೇ ಧಾಟಿಯಲ್ಲಿ, ಡಚ್ಚಿನಲ್ಲಿ ಉತ್ತರ ಕೊಟ್ಟಳು.

"ನಿಜ. ಈಗಷ್ಟೇ ಇವರು ಎರಡು ಕಡೆ ಎಡವಿದರು. ನಾಳೆ ತಿದ್ದುತ್ತೇನೆ."

ರಿಸುಕೆಗೆ ಸ್ಥಾನ ಕೊಡುವ ಪತ್ರದ ಮೇಲೆ ನಾಲ್ವರ ಮೊಹರುಗಳೂ ಬಿದ್ದವು. ಹಿರಿಯನೆಂದು ಕುರಾಸಾಕಿಯೇ ಮೊದಲು ಒತ್ತಬೇಕಾಯಿತು.